ಹಲಗೆ ನೆಲದ ಮನೆ

ಹಾಸ್ಟೆಲು, ಮೇಲಿನ ಮಹಡಿ
ಜೂನ್ ೧೪, ಭಾನುವಾರ ಬೆಳಗ್ಗೆ

ಪ್ರೀತಿಯ ಅಪ್ಪನಿಗೆ ಮಗಳ ನಮಸ್ಕಾರ.

ಹೇಗಿದ್ದೀಯ? ಹೆಬ್ಬೆರಳಿನ ಗಾಯ ಮಾಗಿತೇ? ಉಳಿ ಸ್ವಲ್ಪ ತಾಗಿತು ಅಷ್ಟೆ ಎಂದು ನೀನು ಬರೆದದ್ದನ್ನು ಅಮ್ಮ ನಂಬಿಲ್ಲ, ನಾನೂ ನಂಬಿಲ್ಲ. ಆ ಪತ್ರದಲ್ಲಿ ನಿನ್ನ ಅಕ್ಷರಗಳೆಲ್ಲ ಒಂದೇ ಕಡೆಗೆ ವಾಲಿಕೊಂಡಿದ್ದವು. ಸೊಂಟದ ನೋವಿಗೆಂದು ಕಳಿಸಿದ ಪಟ್ಟಿಯನ್ನು ಕಟ್ಟಿಕೊಳ್ಳುತ್ತಿದ್ದೀಯಾ, ಇಲ್ಲ ಅದು ಕಾರ್ಖಾನೆಯ ಮೊಳೆಗೆ ನೇತಾಡುತ್ತಿದೆಯಾ? ನೀನು ಕೆಲಸಕ್ಕೆಂದು ಅಷ್ಟು ದೂರ ಇದ್ದರೂ ಊರಿನಲ್ಲಿ ಅಮ್ಮ, ತಮ್ಮ ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿ ಉಣ್ಣುತ್ತಿದ್ದೇನೆ, ನಿದ್ದೆಯೂ ಪರವಾಗಿಲ್ಲ. ಇಷ್ಟನ್ನು ಮೊಬೈಲಿನಲ್ಲೇ ಬರೆದು ಕಳಿಸಬಹುದಿತ್ತು. ಆದರೆ ಅದನ್ನು ನೀನು ಮರದ ಹೊಟ್ಟಿನ ರಾಶಿಯ ನಡುವೆ ನಿಂತಲ್ಲೇ ಓದಿ, ಕೈಮುಗಿದ ಚಿತ್ರವೊಂದನ್ನು ಒತ್ತಿ ಜೇಬಿಗಿಳಿಸುತ್ತೀಯ. ಪತ್ರವಾದರೆ ಕನ್ನಡಕ ಹುಡುಕುತ್ತೀಯ, ಕೂರುತ್ತೀಯ. ಇದನ್ನು ಕೂತೇ ಓದು.

ಮೂರನೇ ವರ್ಷದವರು ಹಾಸ್ಟೆಲು ಬಿಟ್ಟು ಹೊರಗೆ ಮನೆ ನೋಡಿಕೊಳ್ಳಬೇಕೆಂದು ಕಾಲೇಜಿನವರು ಹೇಳಿದ್ದನ್ನು ಹಿಂದಿನ ಪತ್ರದಲ್ಲಿ ತಿಳಿಸಿದ್ದೆನಲ್ಲ. ನಾವು ಮೂವರು ಸೇರಿ ಒಂದು ಮನೆ ಹಿಡಿಯುವುದೆಂದಾಯಿತು. ಒಬ್ಬಳು ಕಾನೂನು ಓದುವವಳು. ನಮಗೆಲ್ಲ ಅವಳು ವಕೀಲಮ್ಮ. ಬಾಡಿಗೆ ಕರಾರಿನಲ್ಲಿ ಅಲ್ಪವಿರಾಮ ಬಿಟ್ಟುಹೋಗಿದ್ದರೂ ಜಗಳ ತೆಗೆಯುವಂಥವಳು. ಇನ್ನೊಬ್ಬಳು ನರ್ಸಿಂಗ್ ಓದುವ ನನ್ನ ಕೋಣೆಯವಳು, ಸಿಸ್ಟರು. ಮಾತು ಕಡಿಮೆ, ಗಮನ ಜಾಸ್ತಿ. ಮೂವರೂ ಒಪ್ಪಿದ ಮನೆಯನ್ನೇ ಹಿಡಿಯಬೇಕು, ಇಬ್ಬರು ಸೇರಿ ಮೂರನೆಯವಳನ್ನು ಒತ್ತಾಯಿಸುವಂತಿಲ್ಲ ಎಂಬುದು ವಕೀಲಮ್ಮ ಹಾಕಿದ ಕಾನೂನು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಮೂವರು ಹುಡುಗಿಯರು ಸೇರಿ ಬಾಡಿಗೆ ಮನೆ ಹುಡುಕುವುದನ್ನು ನೋಡಿರಲಿಲ್ಲ ಬಿಡು.

ಮೊದಲು ನೋಡಿದ್ದು ಹೊಸ ಕಟ್ಟಡದ ನಾಲ್ಕನೇ ಮಹಡಿ. ಲಿಫ್ಟು, ದೊಡ್ಡ ಕಿಟಕಿ, ಕನ್ನಡಿಯಂತೆ ಹೊಳೆಯುವ ನೆಲ. ಅವರಿಬ್ಬರಿಗೂ ಕಣ್ಣು ಕುಕ್ಕಿಹೋಯಿತು. ನಾನು ನೀನು ಹೇಳಿಕೊಟ್ಟಂತೆ ಗೆಣ್ಣಿನಿಂದ ಬಾಗಿಲು ತಟ್ಟಿ ನೋಡಿದೆ. ಒಳಗೆ ಪೊಳ್ಳು. ದಲ್ಲಾಳಿ ಅದನ್ನು ಸಾಗುವಾನಿ ಎಂದ. ಬಡಗಿಯ ಮಗಳ ಮುಂದೆ ಸಾಗುವಾನಿಯ ಮಾತು! ನಗು ತಡೆದುಕೊಂಡು ಹೊರಗೆ ಬಂದೆ. ನೀರೂ ಸಂಜೆ ಒಂದು ಗಂಟೆ ಮಾತ್ರವಂತೆ; ಆ ಮನೆಯ ಆಸೆ ಅಲ್ಲಿಗೆ ಮುಗಿಯಿತು.

ಎರಡನೆಯ ಮನೆಯ ವಿಷಯ ನಿನಗೆ ಹೇಳಲೇಬೇಕು. ಕಾಲೇಜಿಗೆ ಹತ್ತಿರ, ಎರಡನೇ ಮಹಡಿ, ಹಿಂದುಗಡೆ ಅಂಗಳದ ಕಡೆಗೆ ತೆರೆಯುವ ಕೋಣೆಗಳು. ಒಳಗೆ ಕಾಲಿಟ್ಟ ಕೂಡಲೇ ನನಗೆ ಹಿಡಿಸಿತು. ಹಾಸ್ಟೆಲಿನ ಗಲಾಟೆಯಿಂದ ಬಂದ ಜೀವಕ್ಕೆ ತಣ್ಣಗಾಯಿತು ಎನ್ನುತ್ತಾರಲ್ಲ, ಹಾಗೆ. "ಎಷ್ಟು ಶಾಂತವಾಗಿದೆ ನೋಡ್ರೇ. ಓದೋಕೆ ಇದಕ್ಕಿಂತ ಒಳ್ಳೇ ಮನೆ ಬೇಕಾ?" ಎಂದೆ. ವಕೀಲಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ದಲ್ಲಾಳಿಯ ಮುಖ ಸಣ್ಣದಾಯಿತು. ನಾನು ಹಂಗಿಸುತ್ತಿದ್ದೇನೆಂದು ತಿಳಿದು, ಒಡೆಯರಿಗೆ ಹೇಳಿ ಬಾಡಿಗೆ ಇಳಿಸಿಕೊಡುತ್ತೇನೆ ಎಂದು ತಾನಾಗಿಯೇ ಹೇಳಿದ. ಅವಳು ನಕ್ಕಳೆಂದು ನಾನೂ ನಕ್ಕೆ. ಯಾಕೆಂದು ಗೊತ್ತಾಗಲಿಲ್ಲ. ಕಿಟಕಿಯ ಹತ್ತಿರ ಹೋದೆ.

ಕೆಳಗಿನ ಅಂಗಳ ಹಕ್ಕಿ ಮಾರುವ ಅಂಗಡಿಯದು. ಪಂಜರದ ಮೇಲೆ ಪಂಜರ, ನಮ್ಮ ಕಿಟಕಿಯವರೆಗೂ ಪೇರಿಸಿಟ್ಟಿದ್ದರು. ಒಳಗೆ ಪುಟ್ಟ ಪುಟ್ಟ ಹಳದಿ ಹಕ್ಕಿಗಳು, ಲೆಕ್ಕವಿಲ್ಲದಷ್ಟು. ಒಂದೊಂದರ ಕೊಕ್ಕೂ ತೆರೆದು ಮುಚ್ಚುತ್ತಿತ್ತು, ಗಂಟಲು ಉಬ್ಬಿ ಇಳಿಯುತ್ತಿತ್ತು. ಬೆನ್ನ ಹಿಂದೆ ದಲ್ಲಾಳಿಯ ಬೂಟಿನ ಸದ್ದು ನನಗೆ ಕೇಳಿಸುತ್ತಿತ್ತು. ಆಚೆ ರಸ್ತೆಯಲ್ಲಿ ಬಸ್ಸು ಹೋದದ್ದೂ ಕೇಳಿಸಿತು. ಅಂಗಳದಿಂದ ಮಾತ್ರ ಏನೂ ಬರಲಿಲ್ಲ. ವಕೀಲಮ್ಮ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಬಂದು ಮೊಣಕೈಯಿಂದ ದೂಡಿ ಕಿಟಕಿ ಮುಚ್ಚಿದಳು.

ಸಿಸ್ಟರು ಅಲ್ಲಿ ನನ್ನನ್ನೇ ಗಮನಿಸುತ್ತಿದ್ದಳು. ಮೆಟ್ಟಿಲು ಇಳಿಯುವಾಗ ವಕೀಲಮ್ಮನನ್ನು ಮುಂದೆ ಬಿಟ್ಟು, ನನ್ನ ಕೈ ಹಿಡಿದು ನಿಲ್ಲಿಸಿದಳು. "ನಿಜ ಹೇಳು, ಆ ಹಕ್ಕಿಗಳ ಕೂಗು ನಿಂಗೆ ಕೇಳಿಸ್ಲಿಲ್ಲ ಅಲ್ವಾ?" ಅವಳ ಪ್ರಶ್ನೆ ನನಗೆ ಸರಿಯಾಗಿಯೇ ಕೇಳಿಸಿತು. ಆದರೂ ನನ್ನ ಬಾಯಿಂದ ಬಂದ ಉತ್ತರ ಏನು ಗೊತ್ತೇ ಅಪ್ಪ? "ಆಗಲಿ, ನೋಡೋಣ."

ಹೌದು, ನಿನ್ನ ಮಾತೇ. ಕೇಳಿಸದ ಪ್ರಶ್ನೆಗೆಲ್ಲ ನೀನು ನಗುತ್ತ ಕೊಡುತ್ತಿದ್ದ ಉತ್ತರ. ಗಂಟೆ ಎಷ್ಟಾಯಿತು ಎಂದರೂ ಆಗಲಿ ನೋಡೋಣ, ಸಾಲ ಕೊಡುತ್ತೀಯಾ ಎಂದರೂ ಆಗಲಿ ನೋಡೋಣ. ಪಕ್ಕದ ಮನೆಯವರು ಬಂದು ತಮ್ಮ ತಂದೆ ತೀರಿಕೊಂಡರೆಂದು ಹೇಳಿದಾಗಲೂ ನೀನು ನಗುತ್ತ ಅದನ್ನೇ ಹೇಳಿದೆ. ಅವತ್ತೇ ಅಮ್ಮನಿಗೆ ಗೊತ್ತಾದದ್ದು. ಅಲ್ಲಿಯವರೆಗೆ ಎಷ್ಟು ವರ್ಷ ಮುಚ್ಚಿಟ್ಟಿದ್ದೆಯೋ, ನೀನು ಯಾರಿಗೂ ಹೇಳಿಲ್ಲ. ಕಾರ್ಖಾನೆಯ ದೊಡ್ಡ ಗರಗಸವೇ ನಿನ್ನ ಕಿವಿ ತಿಂದಿತು ಎಂದು ಅಮ್ಮ ತೀರ್ಮಾನಿಸಿದಳು. ಆ ಗರಗಸಕ್ಕೆ ಅವಳು ಹಾಕಿದ ಶಾಪಕ್ಕೆ ಅದು ಇಷ್ಟುಹೊತ್ತಿಗೆ ತುಕ್ಕು ಹಿಡಿದು ಉದುರಿಹೋಗಬೇಕಿತ್ತು. ತಮ್ಮ ನಿನ್ನ ಕೆಲಸ ಕಲಿಯುತ್ತೇನೆಂದು ಎಷ್ಟು ಅತ್ತರೂ ಅವನನ್ನು ಕಾರ್ಖಾನೆಯ ಹೊಸ್ತಿಲು ತುಳಿಯಲು ಬಿಡಲಿಲ್ಲವಲ್ಲ.

ಆಮೇಲೆ ನಾನು ನಿನ್ನ ಜೊತೆಗೇ ಬೆಳೆದೆ. ಬ್ಯಾಂಕಿನಲ್ಲಿ, ಬಸ್ ನಿಲ್ದಾಣದಲ್ಲಿ, ಮರದ ಡಿಪೋದಲ್ಲಿ ಎದುರಿನವರು ಹೇಳಿದ್ದನ್ನು ನಾನು ನಿನ್ನ ಕಡೆ ತಿರುಗಿ ತುಟಿ ಬಿಡಿಸಿ ಬಿಡಿಸಿ ಹೇಳುತ್ತಿದ್ದೆ. ಶಾಲೆ ಬಿಟ್ಟು ಓಡಿಬಂದರೆ "ಬಂತು ನೋಡಿ ನನ್ನ ಕಿವಿ" ಎಂದು ನೀನು ಎಲ್ಲರಿಗೂ ತೋರಿಸುತ್ತಿದ್ದೆ. ಮನೆಯಲ್ಲಂತೂ ನಮಗೆ ತುಟಿಯೂ ಬೇಕಿರಲಿಲ್ಲ. ಅಟ್ಟದ ಕೋಣೆಗೆ ನೀನೇ ಕೂಡಿಸಿದ ಹಲಗೆ ನೆಲದ ಮೇಲೆ ಹಿಮ್ಮಡಿ ಒಂದು ಸಲ ಕುಟ್ಟಿದರೆ ಊಟಕ್ಕೆ ಬಾ ಎಂದು, ಎರಡು ಸಲ ಕುಟ್ಟಿದರೆ ಯಾರೋ ಬಂದಿದ್ದಾರೆ ಎಂದು. ಆ ಕೋಣೆಯಲ್ಲಿ ನೀನು ಎಲ್ಲಿದ್ದರೂ ನಿನ್ನ ಅಂಗಾಲಿಗೆ ಸುದ್ದಿ ಮುಟ್ಟುತ್ತಿತ್ತು. ಎಲ್ಲರ ಮನೆಯಲ್ಲೂ ಅಪ್ಪಂದಿರನ್ನು ಕರೆಯುವುದೇ ಹಾಗೆ ಎಂದು ನಾನು ಚಿಕ್ಕವಳಿದ್ದಾಗ ತಿಳಿದಿದ್ದೆ.

ಮೂರನೆಯ ಮನೆ ಇಸ್ತ್ರಿ ಅಂಗಡಿಯ ಹಿಂದೆ. ಹಳೆಯದು, ಕಾಲೇಜಿಗೆ ದೂರ, ಅಡುಗೆಮನೆಗೆ ಬೆಳಕಿಲ್ಲ, ನಲ್ಲಿ ತಿರುಗಿಸಿದರೆ ನರಳುತ್ತದಂತೆ. ಅದನ್ನು ನೋಡಿದ ಕೂಡಲೇ ವಕೀಲಮ್ಮ ಹುಳಿ ಕಚ್ಚಿದ ಮುಖ ಮಾಡಿದಳು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ನೆಲ ಪೂರ್ತಿ ಹಲಗೆಯದು. ಬಾಗಿಲಿನಿಂದ ಹಿಂದಿನ ಕೋಣೆಯವರೆಗೆ ಉದ್ದುದ್ದ ಹಲಗೆಗಳು, ಯಾರೋ ಮನಸ್ಸಿಟ್ಟು ಕೂಡಿಸಿದ್ದಾರೆ. ಸಿಸ್ಟರಿಗೆ ಬಾಗಿಲ ಬಳಿ ನಿಂತು ಹಿಮ್ಮಡಿ ಕುಟ್ಟಲು ಹೇಳಿ, ನಾನು ಹಿಂದಿನ ಕೋಣೆಯಲ್ಲಿ ಕಣ್ಣು ಮುಚ್ಚಿ ನಿಂತೆ. ಬಂತು ಅಪ್ಪ. ಅಂಗಾಲಿನಿಂದ ಮೊಣಕಾಲಿನವರೆಗೆ ಬಂತು. ಮನೆಯ ಒಡತಿ ಗಾಬರಿಯಾಗಿ, ಗೆದ್ದಲು ಇಲ್ಲಮ್ಮ, ಸುಮ್ಮನೆ ಯಾಕೆ ಕುಟ್ಟುತ್ತೀರಿ ಎಂದರು.

ಇದೇ ಬೇಕು ಎಂದೆ. ವಕೀಲಮ್ಮನಿಗೆ ರೇಗಿತು. ಕತ್ತಲ ಅಡುಗೆಮನೆ, ಅಷ್ಟು ದೂರದ ನಡಿಗೆ, ಇದರಲ್ಲಿ ಏನು ಕಂಡೆ, ಒಂದು ಕಾರಣ ಕೊಡು ಎಂದು ಸೊಂಟಕ್ಕೆ ಕೈಯಿಟ್ಟು ನಿಂತಳು. ಕಾರಣ ಕೊಡದಿದ್ದರೆ ಮೂವರೂ ಒಪ್ಪಿದಂತಾಗುವುದಿಲ್ಲ, ಮನೆ ಕೈತಪ್ಪುತ್ತದೆ. "ನಂಗೆ ಕಿವಿ ಮಂದ ಆಗ್ತಾ ಇದೆ ಕಣೇ. ಮುಂದೆ ನೀವು ಕರೆದ್ರೆ ಕೇಳಿಸುತ್ತೋ ಇಲ್ವೋ. ಈ ನೆಲ ಇದ್ರೆ ಕುಟ್ಟಬಹುದು" ಎಂದೆ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಅಳು ಬಂತು. ವಾದದಲ್ಲಿ ಯಾರಿಗೂ ಸೋಲದ ವಕೀಲಮ್ಮ ಒಡತಿಯ ಕೈಯಿಂದ ಕರಾರು ತೆಗೆದುಕೊಂಡು, ಒಂದು ಸಾಲೂ ಓದದೆ ಸಹಿ ಹಾಕಿದಳು.

ಮುಂದಿನ ತಿಂಗಳ ಒಂದನೇ ತಾರೀಖು ಆ ಮನೆಗೆ ಹೋಗುತ್ತೇವೆ. ಹಿಂದಿನ ಕೋಣೆ ನನಗೆ ಬಿಟ್ಟಿದ್ದಾರೆ. ಕಿಟಕಿಯ ಒಂದು ರೆಕ್ಕೆ ಚೌಕಟ್ಟಿಗೆ ಉಜ್ಜುತ್ತದೆ, ಸ್ವಲ್ಪ ಹತ್ತರಿ ಹೊಡೆದು ಅಂಚು ಹೆರೆದರೆ ಸರಿಹೋದೀತು. ಹೆಬ್ಬೆರಳನ್ನು ನೀರಿಗೆ ತಾಗಿಸಬೇಡ. ನಿನ್ನ ಜೊತೆ ಕೆಲಸ ಮಾಡುವ ಮಾವನಿಗೂ ಕೇಳಿದೆನೆಂದು ಹೇಳು. ನಿನ್ನ ಆಶೀರ್ವಾದ ನನ್ನ ಮೇಲೂ ಆ ಮನೆಯ ಮೇಲೂ ಇರಲಿ.

ಈಗಲೂ ನಿನ್ನ ಕಿವಿಯೇ ಆಗಿರುವ,
ನಿನ್ನ ಮಗಳು

ಇನ್ನೊಂದು ಮಾತು. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಮೇಲೆ ಬರೆಯಲು ಕೈ ಬರಲಿಲ್ಲ. ಶುಕ್ರವಾರ ಸಿಸ್ಟರು ನನ್ನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಎರಡೂ ಕಿವಿಯಲ್ಲಿ ಸಣ್ಣ, ಕೀರಲು ದನಿಗಳು ಹೋಗಿವೆಯಂತೆ, ಉಳಿದವೂ ನಿಧಾನವಾಗಿ ಹೋಗುವ ಸಂಭವವಿದೆಯಂತೆ. ಯಂತ್ರದ ಬಳಿ ಕೆಲಸ ಮಾಡಿದ್ದೀಯಾ ಎಂದು ಕೇಳಿದರು. ನಾನಲ್ಲ, ನಮ್ಮಪ್ಪ ಎಂದೆ. ಅಪ್ಪನ ಅಮ್ಮನಿಗೆ ಕಿವಿ ಹೇಗಿತ್ತು ಎಂದರು. ಅಜ್ಜಿಗೆ ವಯಸ್ಸಾಗಿ ಕಿವುಡು ಬಂತು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಆದರೆ ನಿನ್ನ ಮದುವೆಯ ಹೊತ್ತಿಗೇ ಅವರಿಗೆ ಕೇಳಿಸುತ್ತಿರಲಿಲ್ಲ ಎಂದು ಅಮ್ಮ ಹೇಳಿದ್ದು ನೆನಪಾಯಿತು. ಇದು ರಕ್ತದಲ್ಲಿ ಬಂದದ್ದು ಎಂದರು ಡಾಕ್ಟರು. ಗರಗಸ ಬೇಕಾದರೆ ಅದು ಬೇಗ ಬರುವಂತೆ ಮಾಡಿರಬಹುದು, ತಂದದ್ದು ಅದಲ್ಲವಂತೆ. ನಿನ್ನನ್ನೂ ನೋಡಬೇಕಂತೆ, ತಮ್ಮನ ಕಿವಿಯನ್ನೂ ತೋರಿಸಬೇಕಂತೆ. ಅಮ್ಮನಿಗೆ ಫೋನಿನಲ್ಲಿ ಹೇಳಲು ನನ್ನಿಂದಾಗುತ್ತಿಲ್ಲ, ನೀನು ಬಂದ ಮೇಲೆ ಇಬ್ಬರೂ ಸೇರಿ ಹೇಳೋಣ. ನನ್ನಿಂದ ಬಂತಲ್ಲ ಎಂದು ಕೊರಗಬೇಡ. ಈ ಉದ್ದ ಮೂಗೂ ನಿನ್ನದೇ, ಅದಕ್ಕೆ ನಾನು ಯಾವತ್ತಾದರೂ ಜಗಳವಾಡಿದ್ದೇನೆಯೇ? ಆದರೆ ನನಗೆ ಭಯವಾಗುತ್ತಿದೆ. ಈ ದಾರಿಯಲ್ಲಿ ನಡೆದು ಗೊತ್ತಿರುವವನು ನೀನೊಬ್ಬನೇ. ನಿನಗೆ ಮೊದಲು ಯಾವ ಸದ್ದು ಹೋಯಿತು ಎಂದು ನಾವ್ಯಾರೂ ನಿನ್ನನ್ನು ಕೇಳಲೇ ಇಲ್ಲ. ನನಗೆ ಹಕ್ಕಿಯದು. ರಜೆ ಹಾಕಿ ಬಾ. ವಿಳಾಸ ಹಿಂದುಗಡೆ ಬರೆದಿದ್ದೇನೆ. ಹೊರಗಡೆ ನಿಂತು ಕೂಗಬೇಡ, ಬಾಗಿಲೂ ತಟ್ಟಬೇಡ. ಹೊಸ್ತಿಲು ದಾಟಿ, ಮೊದಲನೇ ಹಲಗೆಯ ಮೇಲೆ ಹಿಮ್ಮಡಿ ಕುಟ್ಟು. ನಾನು ಬರುತ್ತೇನೆ.