ಮೂರು ತಿಂಗಳ ಅರವತ್ತೆರಡು

ಮಾನ್ವಿ
೧೧ ನವೆಂಬರ್ ೨೦೨೫

ಪ್ರೀತಿಯ ಮಲ್ಲಿಗೆ,

(ಹೂವೆಂದು ಓದಿಕೋ, ಇಲ್ಲವೇ ನಾಲ್ಕನೇ ವಿಭಕ್ತಿಯೆಂದು ಓದಿಕೋ, ಕನ್ನಡ ಮೇಷ್ಟ್ರ ಹೆಂಡತಿಗೆ ಎರಡೂ ಸಲ್ಲುತ್ತವೆ.)

ಹೊಸ ನ್ಯಾಯಸಂಹಿತೆಯ ಯಾವ ಕಲಮಿಗೆ ಬರುತ್ತದೋ ತಿಳಿಯದು, ನಾನೊಂದು ಕಳವು ಮಾಡಿದ್ದೇನೆ. ಭಾನುವಾರ ದೇವದುರ್ಗಕ್ಕೆ ಬಂದಾಗ, ನೀನು ಸ್ನಾನಕ್ಕೆ ಹೋದದ್ದನ್ನು ನೋಡಿ, ತಿಂಗಳ ತೂಕ ಬರೆಯುವ ನಿನ್ನ ತಾಯಿ ಕಾರ್ಡನ್ನು ಚೀಲದಿಂದ ಎತ್ತಿದೆ. ಸಹ ಆರೋಪಿ, ನಿನ್ನವ್ವ ಜಂಬಮ್ಮ. ತಪ್ಪೊಪ್ಪಿಗೆ ಎರಡು ದಿನ ತಡವಾಯಿತು, ಕ್ಷಮಿಸು. ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದವನ್ನು ನಿಮ್ಮಣ್ಣ ಪರಮಣ್ಣನ ಕೈಲಿ ಕಳಿಸುತ್ತಿದ್ದೇನೆ.

ಕಾರ್ಡಿನಲ್ಲಿ ಐದನೇ ತಿಂಗಳು ಅರವತ್ತೆರಡು ಕೆಜಿ. ಆರಕ್ಕೂ ಅರವತ್ತೆರಡು, ಏಳಕ್ಕೂ ಅರವತ್ತೆರಡು. ಇಷ್ಟು ನಿಶ್ಚಲವಾಗಿ ನಿಂತದ್ದು ನಮ್ಮ ಕಾಲೇಜಿನ ಗೋಡೆ ಗಡಿಯಾರವೊಂದೇ.

ಅವ್ವ ಪಡಸಾಲೆಯಲ್ಲಿ ಪಿಸುಗುಟ್ಟಿದಳು: "ಅಕಿ ತೂಕದ ಕಾಟಾ ಹತ್ತವಲ್ಲಳಪಾ. ಹಿಂದಿನ ತಿಂಗಳದ್ದ ಬರ್ಕೋರಿ ಅಂತಾಳ. ಮೊನ್ನಿ ಹತ್ತಿ ತೂಗೋ ಕಾಟಾದಾಗ ಬೈದು ನಿಂದರ್ಸಿದ್ರ ಎಪ್ಪತ್ಮೂರು ಬಂತು! ರಾತ್ರಿ ಊಟಾನೂ ಬಿಟ್ಟಾಳ. ಸುಮ್ನ ಮಲ್ಕೊಂಡ್ರೂ ಎದಿ ಢವಢವ ಅಂತದಂತ. ನಿನಗ ಹೇಳಬ್ಯಾಡ ಅಂದಾಳ."

ನನಗೇ ಹೇಳಬೇಡ ಎಂದೆಯಾ?

ನಿನ್ನೆ ರಜೆ ಹಾಕಿ ರಾಯಚೂರಿಗೆ ಹೋಗಿ ಡಾಕ್ಟರ್ ಅನ್ವರಿ ಬೇಗಂ ಅವರಿಗೆ ಕಾರ್ಡು ತೋರಿಸಿದೆ. "ಕಾರ್ಡ್ ತಂದೀರಿ, ಹೆಂಡ್ತಿ ಎಲ್ಲ್ಯದಾರ್ರೀ ಸರ?" ಎಂದರು. ಅವ್ವ ಹೇಳಿದ್ದನ್ನೆಲ್ಲ ಕೇಳಿದ ಮೇಲೆ ನಗು ನಿಲ್ಲಿಸಿದರು. "ಬಸುರಿಯರಿಗೆ ಎದಿ ಜೋರು ಬಡಿಯೋದು ಖರೇನ. ಆದ್ರ ತೂಕ ಹಿಂಗ ಓಡಿದ್ರ, ಹೃದಯ ನಡಸೋ ನರಗಳಿಗೆ ಪುರಸೊತ್ತ ಸಿಗಂಗಿಲ್ಲ. ಮಲಗಿದಾಗ್ಲೂ ಅವು ಹೃದಯಾನ ಓಡಿಸ್ತಾವ. ಊಟ ಬಿಟ್ರೂ ತೂಕ ಏರಾಕತ್ತದಂದ್ರ ಬಾವು ಇರಬೌದು, ಬಿ.ಪಿ. ಇರಬೌದು. ತಾಯಿಗೂ ಕೂಸಿಗೂ ಅಪಾಯ. ಖರೇ ತೂಕ ಬೇಕ್ರಿ ನನಗ."

ಬಾಗಿಲವರೆಗೆ ಬಂದವನನ್ನು ತಡೆದು ಕೇಳಿದರು: "ಮನ್ಯಾಗ ಯಾರರ ಅಕಿ ತೂಕದ ಮ್ಯಾಲ ಚ್ಯಾಷ್ಟಿ ಮಾಡ್ತಾರೇನ್ರಿ?"

"ಚೇಷ್ಟೆ ನನ್ನದೇ ಇಲಾಖೆ, ಮೇಡಂ. ಹತ್ತು ವರ್ಷದ ಮಾಸ್ತರಿಕೆಯಲ್ಲಿ ನನ್ನ ಮಾತಿಗೆ ಒಬ್ಬರ ಕಣ್ಣಲ್ಲೂ ನೀರು ಬಂದಿಲ್ಲ, ನಕ್ಕು ಬಂದದ್ದು ಬಿಟ್ಟರೆ," ಎಂದು ಎದೆಯುಬ್ಬಿಸಿದೆ. ಅವರು ನಗಲಿಲ್ಲ.

ಗುರುವಾರ ಬೆಳಿಗ್ಗೆ ಎಂಟಕ್ಕೆ ದೇವದುರ್ಗದಲ್ಲಿರುತ್ತೇನೆ, ರಾಯಚೂರಿಗೆ ಹೋಗೋಣ. ನೀನು ಕಾಟಾ ಹತ್ತುವಾಗ ನಾನು ಹೊರಗೇ ನಿಲ್ಲುತ್ತೇನೆ. ತಲೆ ಸಿಡಿದರೆ, ಕಣ್ಣು ಮಂಜಾದರೆ ಗುರುವಾರದ ತನಕ ಕಾಯದೆ ಆಸ್ಪತ್ರೆಗೆ ನಡಿ ಎಂದಿದ್ದಾರೆ. ದಯವಿಟ್ಟು ರಾತ್ರಿ ಉಣ್ಣು.

ಎರಡೂ ಜೀವ ತಣ್ಣಗಿರಲಿ. ಅವ್ವನಿಗೆ ನಮಸ್ಕಾರ ಹೇಳು, ಬೈಯಬೇಡ.

ನಿನ್ನ
ಬೀರೇಶ

ತಾ.ಕ.: ಐದು ತಿಂಗಳ ಕುಬಸದ ದಿನ ನಿನ್ನ ತಟ್ಟೆಗೆ ಐದನೇ ಹೋಳಿಗೆ ಬಿದ್ದಾಗ "ಇಕಿನ್ನ ತೂಗಾಕ ಮಿಲ್ಲಿನ ಲಾರಿ ಕಾಟಾನ ಬೇಕ್ರೆಪಾ" ಎಂದೆ. ಮಂದಿ ಬಿದ್ದು ಬಿದ್ದು ನಕ್ಕರು. ನೀನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಒಲೆಯ ಹೊಗೆ ಅಂದುಕೊಂಡಿದ್ದೆ ಎಂದು ಆಮೇಲೆ ನಿನಗೆ ಹೇಳಿದೆನಲ್ಲ, ಅದು ಸುಳ್ಳು. ನಾನು ನೋಡಿದ್ದೆ, ಮಲ್ಲೂ. ನೋಡಿಯೂ, ತಡವಾಗಿ ಬಂದ ನಮ್ಮ ಲೈಬ್ರರಿಯ ಸತ್ತಾರ್ ಸಾಬರಿಗಾಗಿ ಅದನ್ನೇ ಇನ್ನೊಮ್ಮೆ ಹೇಳಿದೆ.