ಕ್ಲಾಸಿನಲ್ಲಿ ಒಬ್ಬನೇ ಅಪ್ಪ

ಆನಂದಪುರ
ಶುಕ್ರವಾರ, ೧೬ ಜನವರಿ ೨೦೨೬

ಪ್ರೀತಿಯ ಸೌಜನ್ಯಾ,

ಹೇಗಿದ್ದೀಯ? ಪರೇಡ್ ಮಾಡಿ ಮಾಡಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ ಅಂದಿದ್ದೆಯಲ್ಲ, ಈಗ ವಾಸಿಯಾಯಿತೇ? ಅವ್ವ ಕೊಬ್ಬರಿ ಎಣ್ಣೆ ಕಾಯಿಸಿ ಸಣ್ಣ ಬಾಟಲಿಗೆ ತುಂಬಿ ಕೊಟ್ಟಿದ್ದಾಳೆ. ಮಲಗುವಾಗ ಹಚ್ಚಿಕೊಂಡು ಕಾಲುಚೀಲ ಹಾಕಿಕೊಳ್ಳಬೇಕಂತೆ, ಅವಳ ಅಪ್ಪಣೆ. ಊಟ ಸರಿಯಾಗಿ ಮಾಡು. ಅಲ್ಲಿನ ಚಪಾತಿ ದಪ್ಪ, ಸಾರು ನೀರು ಎಂದು ತಟ್ಟೆ ಬಿಟ್ಟು ಏಳಬೇಡ. ಇಲ್ಲಿ ನಾನು, ಅವ್ವ, ಮಗಳು ಸ್ಪಂದನಾ ಮೂವರೂ ಕ್ಷೇಮ. ಇದನ್ನು ಎಲ್ಲರೂ ಬರೆಯುತ್ತಾರೆ ಎಂದು ಬರೆದಿಲ್ಲ ಮಾರಾಯ್ತಿ, ನಿಜವಾಗಿಯೂ ಕ್ಷೇಮ. ಎಷ್ಟು ಕ್ಷೇಮ ಎಂದರೆ ಇವತ್ತು ಗಾಡಿ ಬೇಗ ನಿಲ್ಲಿಸಿ, ಮನೆಯ ಮುಂದಿನ ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆ ಕುಳಿತು, ಹೈಸ್ಕೂಲು ಬಿಟ್ಟ ಮೇಲೆ ಮೊದಲ ಸಲ ಇಷ್ಟುದ್ದ ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗಬೇಡ.

ಈ ಭಾನುವಾರ ನಿಮಗೆ ಫೋನು ಕೊಡುವುದಿಲ್ಲ ಎಂದಿದ್ದೆ, ಅದಕ್ಕೇ ಈ ಕಾಗದ. ನಾಳೆ ಶೇಷಪ್ಪ ಲಾರಿಯಲ್ಲಿ ಮೈಸೂರಿಗೆ ಹೊರಟಿದ್ದಾನೆ, ನಿಮ್ಮ ತರಬೇತಿ ಶಾಲೆಯ ಗೇಟಿನಲ್ಲಿ ಕೊಟ್ಟು ಹೋಗುತ್ತಾನೆ. ಹೋದ ಭಾನುವಾರ ನೀನು ಅಳುತ್ತಾ, “ರೀ, ಮಗೂನೇ ನನ್ನ ಮುಖ ನೋಡಲ್ಲ ಅಂದ್ಮೇಲೆ ಈ ಪೊಲೀಸ್ ನೌಕ್ರಿ ಯಾರಿಗೆ ಬೇಕು? ಇನ್ನೊಂದು ವಾರ ನೋಡ್ತೀನಿ, ಆಮೇಲೆ ಸಾಹೇಬ್ರಿಗೆ ಹೇಳಿ ಬಿಟ್ಟು ಬರ್ತೀನಿ” ಎಂದೆ. ನಾನು ಏನಾದರೂ ಹೇಳುವಷ್ಟರಲ್ಲಿ ಫೋನು ಕಟ್ಟಾಯಿತು. ಮಾರನೇ ದಿನ ತೀರ್ಥಹಳ್ಳಿಯಿಂದ ನಿನ್ನ ಅಮ್ಮನ ಫೋನು. “ಮಗು ಅಂಗನವಾಡೀಲಿ ಕಂಡೋರಿಗೆಲ್ಲಾ ಕಚ್ತಿದೆಯಂತೆ. ಗಂಡಸರ ಕೈಲಿ ಮಗು ಬೆಳ್ಸೋಕಾಗುತ್ತಾ? ಶನಿವಾರ ಬಂದು ಕರ್ಕೊಂಡು ಹೋಗ್ತೀನಿ, ಬಟ್ಟೆ ಕಟ್ಟಿಡಿ” ಎಂದರು. ಬೇಡ ಎನ್ನಲಾರದೆ “ಬನ್ನಿ ಅತ್ತೆ, ಊಟಕ್ಕೇ ಬನ್ನಿ” ಎಂದೆ. ಈ ಕಾಗದ ಪೂರ್ತಿ ಓದುವ ತನಕ ಯಾವ ಸಾಹೇಬರ ಹತ್ತಿರವೂ ಬಾಯಿ ಬಿಡಬೇಡ. ಇದು ಆರ್ಡರ್. ನಿನಗೀಗ ಆರ್ಡರ್ ಕೇಳಿ ಅಭ್ಯಾಸ ಆಗಿರಬೇಕಲ್ಲ!

ಮೊದಲು ನಾನು ಮುಚ್ಚಿಟ್ಟ ಸುದ್ದಿ ಕೇಳು. ನಾನು ಕ್ಲಾಸಿಗೆ ಸೇರಿದ್ದೇನೆ. ಮಗಳು ಮಾಸ್ತಪ್ಪನ ಮೊಮ್ಮಗನ ತೋಳಿಗೆ ಕಚ್ಚಿದ ದಿನ ಅಂಗನವಾಡಿಯ ಕನ್ನಮ್ಮ ಟೀಚರ್ ನನ್ನನ್ನು ಕರೆಸಿ, “ಇನ್ನೊಂದ್ಸಲ ಹಿಂಗಾದ್ರೆ ಸ್ವಲ್ಪ ದಿನ ಮನೇಲೇ ಇಟ್ಕೊಳ್ಳಿ ಶಿವರಾಮಣ್ಣ” ಎಂದರು. ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಮೊಬೈಲಿಗೆ ಒಂದು ಲಿಂಕ್ ಕಳಿಸಿದರು. ತೀರ್ಥಹಳ್ಳಿಯ ಮಂಜುಶ್ರೀ ಮೇಡಂ ಎಂಬುವರು ಸಣ್ಣ ಮಕ್ಕಳ ತಂದೆತಾಯಿಯರಿಗೆ ಸಂಜೆ ಹೊತ್ತು ನಡೆಸುವ ಆನ್‌ಲೈನ್ ತರಗತಿ, ಪಾಸಿಟಿವ್ ಪೇರೆಂಟಿಂಗ್ ಅಂತ ಹೆಸರು. ತಂದೆತಾಯಿ ಎಂದು ಬರೆದಿದ್ದರೂ ತಂದೆ ಎಂದು ಇದ್ದವನು ನಾನೊಬ್ಬನೇ. ಸಾಗರ, ಹೊಸನಗರ, ತೀರ್ಥಹಳ್ಳಿಯ ಹೆಂಗಸರೆಲ್ಲ ಪುಟ್ಟ ಪುಟ್ಟ ಚೌಕದಲ್ಲಿ ಕೂತಿದ್ದಾರೆ, ನಡುವೆ ಮೀಸೆ ಹೊತ್ತ ನಾನು. ಮೊದಲೇ ಹೇಳಿದ್ದರೆ ನೀನು ಹಾಸ್ಟೆಲಿಗೆಲ್ಲಾ ಹೇಳಿಕೊಂಡು ನಗುತ್ತಿದ್ದೆ, ನನಗೆ ಗೊತ್ತಿಲ್ಲವೇ?

ಮೊದಲ ದಿನವೇ ಮಾನ ಹೋಯಿತು. ಹೊಸನಗರ ಬಸ್ ಸ್ಟ್ಯಾಂಡಿನ ಪಕ್ಕ ಲಗೇಜ್ ಆಟೋ ನಿಲ್ಲಿಸಿಕೊಂಡು ಕ್ಲಾಸ್ ಕೇಳುತ್ತಿದ್ದೆ. ಮೇಡಂ “ಮಕ್ಕಳ ಹತ್ತಿರ ಮೆತ್ತಗೆ ಮಾತಾಡಿ” ಎನ್ನುತ್ತಿದ್ದರು. ಅಷ್ಟರಲ್ಲಿ ಒಂದು ಟೆಂಪೋ ಹಿಂದೆ ಹಿಂದೆ ಬಂದು ಚರಂಡಿಗೆ ಇಳಿಯುವುದರಲ್ಲಿತ್ತು. ಮೈಕ್ ಆನ್ ಇದ್ದದ್ದು ನನಗೇನು ಗೊತ್ತು? ತಲೆ ಹೊರಗೆ ಹಾಕಿ, “ಎಡಕ್ಕೆ ಹೊಡಿ! ಬರ್ಲಿ, ಬರ್ಲಿ, ಬರ್ಲೀ... ನಿಲ್ಸೋ ಮಾರಾಯಾ!” ಎಂದು ಕೂಗಿದೆ. ಚೌಕದಲ್ಲಿದ್ದ ಹೆಂಗಸರೆಲ್ಲ ನಕ್ಕರು ನೋಡು! ಮೇಡಂ ನಗು ತಡೆದುಕೊಂಡು, “ಶಿವರಾಮ್ ಅವರೇ, ಮಗಳ ಹತ್ರಾನೂ ಹೀಗೇನಾ?” ಎಂದು ಕೇಳಿದರು. ಹೌದು ಎಂದೆ. ಮತ್ತೇನು ಹೇಳಲಿ? ಹಿನ್ನೀರು ದಾಟಿಸುವ ತುಮರಿಯ ಲಾಂಚಿನಲ್ಲಿ ಅಷ್ಟು ವರ್ಷ ಬಸ್ಸು ಜೀಪುಗಳನ್ನು ಹತ್ತಿಸಿ ಇಳಿಸಿದ ಗಂಟಲು. ಇಂಜಿನ್ನಿನ ಸದ್ದಿನ ಮೇಲೆ ಕೂಗಿದರೇ ಡ್ರೈವರ್ ಕಿವಿಗೆ ಬೀಳುತ್ತಿತ್ತು. ಸೇತುವೆ ಆಗಿ ನಾನು ಲಾಂಚು ಬಿಟ್ಟೆ, ಗಂಟಲು ಲಾಂಚು ಬಿಟ್ಟಿಲ್ಲ. ಮನೆಯಲ್ಲೂ ಬಾಗಿಲಲ್ಲಿ ನಿಂತು ಬಚ್ಚಲಲ್ಲಿರುವ ಮಗಳಿಗೆ ಅದೇ ಧಾಟಿಯಲ್ಲಿ ಹುಕುಂ.

ಮೇಡಂ ಹೇಳಿದ್ದು ಇಷ್ಟೇ: ದೂರದಿಂದ ಕೂಗಬೇಡಿ, ಹತ್ತಿರ ಹೋಗಿ, ಮಗುವಿನ ಎತ್ತರಕ್ಕೆ ಕೂರಿ, ಒಂದೇ ಮಾತು ಹೇಳಿ. ಕೂತೆ. ಮಂಡಿ ಲಟಲಟ ಅಂದಿತು. ಆದರೆ ಅವಳ ಎತ್ತರಕ್ಕೆ ಕೂತರೆ ನಮ್ಮ ಮನೆಯೇ ಬೇರೆ ಕಣೇ! ಕಳೆದುಹೋದವು ಎಂದು ನೀನು ಹುಡುಕುತ್ತಿದ್ದ ಸ್ಟಿಕರ್ ಬೊಟ್ಟುಗಳೆಲ್ಲ ಟೀಪಾಯಿಯ ಅಡಿಯಲ್ಲಿ ಅಂಟಿಕೊಂಡಿವೆ. ಕೆಂಪು, ಮೆರೂನ್, ಹಸಿರು, ಸಾಲಾಗಿ. ಅಲ್ಲಿ ತಲೆ ತೂರಿಸಿ ನೋಡುತ್ತಾ ಇಬ್ಬರೂ ಬಹಳ ಹೊತ್ತು ಮಲಗಿದ್ದೆವು. ಅವ್ವ ಬಂದು, ಅಪ್ಪ ಮಗಳಿಗೆ ಬುದ್ಧಿ ಕೆಟ್ಟಿದೆ ಎಂದು ಬೈದು ಹೋದಳು.

ಎಲ್ಲವೂ ಮೊದಲ ಸಲಕ್ಕೇ ಸರಿಯಾಯಿತು ಎಂದುಕೊಳ್ಳಬೇಡ. ಮಕ್ಕಳಿಗೆ ಆರಿಸಿಕೊಳ್ಳಲು ಬಿಡಿ ಎಂದರು ಮೇಡಂ. ಸರಿ, ಬೆಳಿಗ್ಗೆ ಎದ್ದವನೇ ಮಂಡಿಯೂರಿ ಕೂತು ಬಲು ಮೆತ್ತಗೆ, “ಅಂಗನವಾಡಿಗೆ ಹೋಗ್ತೀಯಾ, ಇಲ್ವಾ?” ಎಂದು ಕೇಳಿದೆ. “ಇಲ್ಲ” ಎಂದಳು ನಮ್ಮ ಮಹಾರಾಣಿ. ಕೇಳಿದ ಮೇಲೆ ಮಾತು ತಪ್ಪುವುದು ಹೇಗೆ? ಆ ದಿನವೆಲ್ಲಾ ಸಿಮೆಂಟ್ ಮೂಟೆಗಳ ಜೊತೆ ಅವಳೂ ನನ್ನ ಗಾಡಿಯಲ್ಲಿ ಸಾಗರ ಸುತ್ತಿದಳು. ಸಂಜೆ ಕ್ಲಾಸಿನಲ್ಲಿ ಹೇಳಿದರೆ ಮತ್ತೆ ನಗು. ನಿಮಗೆ ಒಪ್ಪಿಗೆ ಇರುವ ಎರಡನ್ನು ಮಾತ್ರ ಮುಂದಿಡಿ ಎಂದು ಮೇಡಂ ತಿದ್ದಿದರು. ಈಗ “ನಡ್ಕೊಂಡು ಹೋಗ್ತೀಯಾ, ಅಪ್ಪನ ಹೆಗಲ ಮೇಲಾ?” ಎಂದು ಕೇಳುತ್ತೇನೆ. ದಿನಾ ಹೆಗಲೇ.

ಇನ್ನು ಮುಖ್ಯವಾದ ಮಾತು. ಒಂದು ಕಡೆ ಕೂತುಕೊಂಡು ಓದು. ಈ ಸೋಮವಾರ ಮೇಡಂ ಒಂದು ಹೋಂವರ್ಕ್ ಕೊಟ್ಟರು. ಮಗು ಆಡುವಾಗ ಪಕ್ಕದಲ್ಲಿ ಕೂರಿ, ಕಲಿಸಬೇಡಿ, ಪ್ರಶ್ನೆ ಕೇಳಬೇಡಿ, ಸುಮ್ಮನೆ ನೋಡಿ ಎಂದರು. ಮಂಗಳವಾರ ಕೂತೆ. ಸ್ಪಂದನಾ ನಿನ್ನ ಹಳೇ ನೀಲಿ ವೇಲನ್ನು ಸುತ್ತಿ ಗೊಂಬೆ ಮಾಡಿದಳು. ಅದು ಅಮ್ಮ ಅಂತೆ. ಒಂದು ಸೌಟು ಹಿಡಿದು ಬಂದು, “ಪೊಲೀಸ್ ಬಂದ್ರು” ಎಂದು ಆ ಅಮ್ಮನನ್ನು ದರದರ ಎಳೆದುಕೊಂಡು ಹೋಗಿ ಮಂಚದ ಕೆಳಗೆ ನೂಕಿದಳು. ಆಮೇಲೆ ತಾನೂ ಮಂಚದ ಕೆಳಗೆ ತೆವಳಿ, ವೇಲಿಗೆ ಕೆನ್ನೆ ಹಚ್ಚಿ, “ಅಮ್ಮ ಹಠ ಮಾಡಿಲ್ಲ. ನಾನೇ ಮಾಡಿದ್ದು” ಎಂದಳು.

ತಿಳಿಯಿತೇ ಸೌಜನ್ಯಾ? ಊಟ ಬಿಟ್ಟರೆ ಅವ್ವ, ನಿದ್ದೆ ಮಾಡದಿದ್ದರೆ ನಾನು, ತಲೆ ಬಾಚಿಸಿಕೊಳ್ಳದಿದ್ದರೆ ನೀನು, ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು: “ಹಠ ಮಾಡಿದ್ರೆ ಪೊಲೀಸ್ ಬಂದು ಹಿಡ್ಕೊಂಡು ಹೋಗ್ತಾರೆ.” ಈ ಊರಿನಲ್ಲಿ ಆ ಮಾತು ಕೇಳದೆ ಬೆಳೆದ ಮಗು ಯಾವುದಿದೆ? ಆಮೇಲೆ ನೀನು ಟ್ರಂಕ್ ಹಿಡಿದು ಬಸ್ಸು ಹತ್ತಿದೆ. ಅಮ್ಮ ಎಲ್ಲಿ ಎಂದು ಕೇಳಿದಾಗೆಲ್ಲ ನಾವು ಹೆಮ್ಮೆಯಿಂದ “ಪೊಲೀಸಿಗೆ ಹೋದ್ಲು” ಎಂದೆವು. ನಿನಗೆ ಖಾಕಿ ಕೊಟ್ಟ ಭಾನುವಾರ ನೀನು ಖುಷಿಯಿಂದ ವಿಡಿಯೋ ಕಾಲ್ ಮಾಡಿದೆ, ಅವಳು ಕಿಟಾರನೆ ಕಿರುಚಿ ಓಡಿದಳು. ಅವತ್ತಿನಿಂದಲೇ ಫೋನಿನ ಹತ್ತಿರ ಬರುತ್ತಿರಲಿಲ್ಲ. ನಿನ್ನನ್ನು ಮರೆತಳು ಎಂದು ನೀನು ಅತ್ತುಬಿಟ್ಟೆ, ನಾನೂ ಹಾಗೇ ಅಂದುಕೊಂಡೆ. ಮರೆಯುವುದೆಲ್ಲಿ ಬಂತು! ತಾನು ಹಠ ಮಾಡಿದ್ದಕ್ಕೆ ಪೊಲೀಸರು ಅಮ್ಮನನ್ನು ಹಿಡಿದುಕೊಂಡು ಹೋದರು ಎಂದು ಆ ಪುಟ್ಟ ಜೀವ ಒಳಗೊಳಗೇ ಬೇಯುತ್ತಿತ್ತು. ಮಾಸ್ತಪ್ಪನ ಮೊಮ್ಮಗ ಅವತ್ತು ಪೀಪಿ ಊದಿ “ಪೊಲೀಸ್ ಬಂದ್ರು” ಎಂದು ಆಡುತ್ತಿದ್ದನಂತೆ, ಕನ್ನಮ್ಮ ಟೀಚರನ್ನು ವಿಚಾರಿಸಿದೆ. ಅದಕ್ಕೇ ಕಚ್ಚಿದ್ದು. ನಾನಾಗಿದ್ದರೂ ಕಚ್ಚುತ್ತಿದ್ದೆ.

ಅವತ್ತು ಸಂಜೆ ಕ್ಲಾಸಿನಲ್ಲಿ ಇದನ್ನು ಹೇಳುವಾಗ ನನ್ನ ಲಾಂಚಿನ ಗಂಟಲು ಕೈಕೊಟ್ಟಿತು. ಈ ಸಲ ಯಾರೂ ನಗಲಿಲ್ಲ. ಸಾಗರದ ಒಬ್ಬರು ಮಾತ್ರ, “ನಮ್ಮನೇಲೂ ಹಿಂಗೇ ಹೆದರ್ಸೋದು ಅಣ್ಣಾ” ಎಂದರು. ಉದ್ದುದ್ದ ಉಪದೇಶ ಬೇಡ, ಕಣ್ಣಾರೆ ತೋರಿಸಿ, ಅವಳೇ ಕೇಳಲಿ ಎಂದರು ಮೇಡಂ. ಮಾರನೇ ದಿನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋದೆ. ಒಬ್ಬರು ಮಹಿಳಾ ಕಾನ್‌ಸ್ಟೇಬಲ್ ಇದ್ದರು. ವಿಷಯ ಹೇಳಿದೆ. ಇವಳು ನನ್ನ ಕಾಲಿನ ಹಿಂದೆ ಅಡಗಿ, ಪ್ಯಾಂಟು ಹಿಡಿದುಕೊಂಡು, ಕೊನೆಗೆ ಧೈರ್ಯ ಮಾಡಿ, “ನಮ್ಮಮ್ಮನ್ನ ಬಿಡಿ. ನಾನು ಇನ್ಮೇಲೆ ಊಟ ಮಾಡ್ತೀನಿ” ಎಂದಳು. ಆ ತಾಯಿ ಕುರ್ಚಿ ಬಿಟ್ಟು ನೆಲದ ಮೇಲೇ ಕೂತುಬಿಟ್ಟರು. “ನಿಮ್ಮಮ್ಮನ್ನ ಯಾರೂ ಹಿಡ್ಕೊಂಡು ಹೋಗಿಲ್ಲ ಪುಟ್ಟಿ. ನನ್ನ ಥರ ಪೊಲೀಸ್ ಆಗೋಕೆ ಕಲೀತಿದಾರೆ. ಕಲ್ತು ಮನೆಗೇ ಬರ್ತಾರೆ” ಎಂದರು. ಇವಳು ಬಹಳ ಯೋಚಿಸಿ, “ನಿಮ್ಮನೇಲೂ ಪಾಪು ಇದ್ಯಾ?” ಎಂದು ಕೇಳಿದಳು. ಅವರು ಮೊಬೈಲಿನಲ್ಲಿ ಮಗನ ಫೋಟೋ ತೋರಿಸಿ, ತಮ್ಮ ಟೋಪಿಯನ್ನು ಇವಳ ತಲೆಗೆ ಇಟ್ಟರು. ಮೂಗಿನ ತನಕ ಮುಚ್ಚಿದ ಟೋಪಿಯಲ್ಲಿ ನಿನ್ನ ಮಗಳು ಎಡಗೈಯಲ್ಲಿ ಸೆಲ್ಯೂಟ್ ಹೊಡೆದಳು. ಸ್ಟೇಷನ್ನಿಗೆ ಸ್ಟೇಷನ್ನೇ ನಕ್ಕಿತು. ನಾನು ಮಾತ್ರ ಗಳಗಳ ಅತ್ತುಬಿಟ್ಟೆ, ನಾಚಿಕೆಯೇನಿಲ್ಲ.

ಅವತ್ತಿನಿಂದ ಯಾರಿಗೂ ಕಚ್ಚಿಲ್ಲ. ಇವತ್ತು ಆ ಹುಡುಗನ ಪೀಪಿ ಕಸಿದು ತಾನೇ ಊದಿದಳಂತೆ, ಅದು ಬೇರೆ ದೂರು. ಹಠ ಬಿಟ್ಟಿದ್ದಾಳೆ ಎಂದು ಸುಳ್ಳು ಹೇಳುವುದಿಲ್ಲ. ಇವತ್ತು ಬೆಳಿಗ್ಗೆಯೂ ಕಡುಬಿನ ತಟ್ಟೆ ದೂಡಿದಳು. ಅವ್ವ ಹಳೇ ಮಾತನ್ನು ಅರ್ಧ ಆಡಿ, ಬಾಯಿಗೆ ಸೆರಗು ಮುಚ್ಚಿಕೊಂಡಳು. ನಾವು ಗೆದ್ದೆವು ಕಣೇ! ನಾಳೆ ನಿನ್ನ ಅಮ್ಮ ಬರುತ್ತಾರೆ, ಅದೊಂದೇ ಅಳುಕು. ಅವರಿಗೂ ಮಗುವಿನ ಮೇಲೆ ಪ್ರಾಣ, ಎದುರು ವಾದಿಸುವುದು ನನ್ನಿಂದಾಗದು. ಬಟ್ಟೆಯನ್ನಂತೂ ಕಟ್ಟಿಟ್ಟಿಲ್ಲ.

ಆರೋಗ್ಯ ನೋಡಿಕೋ. ನಿನಗೆ ಅವ್ವನ ಆಶೀರ್ವಾದ, ಮಗಳ ಎಂಜಲು ಮುತ್ತು, ಮತ್ತು ನನ್ನದೆಲ್ಲವೂ.

ನಿನ್ನ
ಶಿವರಾಮ

ಮತ್ತೊಂದು ಮಾತು (ಶನಿವಾರ ಮಧ್ಯಾಹ್ನ, ಶೇಷಪ್ಪ ಹಾರ್ನ್ ಹೊಡೆಯುತ್ತಿದ್ದಾನೆ): ಅತ್ತೆ ದೊಡ್ಡ ಚೀಲ ಹಿಡಿದುಕೊಂಡೇ ಬಂದರು. ಊಟಕ್ಕೆ ಕರೆದರೆ ಸ್ಪಂದನಾ ಬರಲೊಲ್ಲಳು. ಅತ್ತೆ ಅಭ್ಯಾಸಬಲದಿಂದ, “ಹಿಂಗೆ ಹಠ ಮಾಡಿದ್ರೆ ಪೊಲೀಸ್ ಕರೀತೀನಿ ನೋಡು!” ಎಂದುಬಿಟ್ಟರು. ನಿನ್ನ ಮಗಳು ಸೊಂಟದ ಮೇಲೆ ಕೈ ಇಟ್ಟು, “ಕರಿ, ಅಮ್ಮಮ್ಮ. ನಮ್ಮಮ್ಮನೇ ಬರೋದು” ಎಂದಳು! ಅತ್ತೆ ಅವಳನ್ನೇ ನೋಡಿದರು, ನಕ್ಕರು, ನಗುತ್ತಾ ನಗುತ್ತಾ ಅತ್ತರು. ಈಗಷ್ಟೇ ಖಾಲಿ ಚೀಲ ಮಡಚಿಕೊಂಡು ತೀರ್ಥಹಳ್ಳಿ ಬಸ್ಸಿಗೆ ಹೊರಟರು. “ಅವ್ಳು ಅರ್ಧಕ್ಕೇ ಬಿಟ್ಟು ಬಂದ್ರೆ ನಾನೇ ವಾಪಸ್ ಬಸ್ ಹತ್ತಿಸ್ತೀನಿ, ಬರೀರಿ” ಎಂದಿದ್ದಾರೆ, ಬರೆದಿದ್ದೇನೆ. ಮಗಳು ಪೊಲೀಸನ್ನು ಕರೆದಾಯಿತು ಸೌಜನ್ಯಾ. ಇನ್ನು ಪೊಲೀಸಾಗಿಯೇ ಬಾ.