ಬಳೆಯ ಮೇಲೆ ಸುತ್ತಿದ ಟವೆಲ್

ಮುಂಬಯಿ, ೧೯೭೬

ಅವ್ವಾ,

ನೀನಿದ್ದಾಗ ನೆಟ್ಟಗೆ ಒಂದು ಕಾಗದ ಬರೆಯದವಳು, ಇಲ್ಲದ ನಿನಗೆ ಈಗ ಬರೆಯುತ್ತಿದ್ದೇನೆ.

ಇಂದು ಬೆಳಗಾವಿಗೆ ಹೊರಟ ನಮ್ಮ ವಿಮಾನದ ಹೈಡ್ರಾಲಿಕ್ ಎಣ್ಣೆ ಸೋರಿ, ಚಕ್ರಗಳು ಕೆಳಗಿಳಿಯಲಿಲ್ಲ. ಪೈಲಟ್‌ಗಳು ಕೈಪಂಪು ಒತ್ತಿ ಅವನ್ನು ಇಳಿಸತೊಡಗಿದರು. ಬ್ರೇಕಿನ ಭರವಸೆ ಇರಲಿಲ್ಲ; ಮುಂಬಯಿಗೇ ಹಿಂದಿರುಗುತ್ತಿದ್ದೆವು. ಪ್ರಯಾಣಿಕರ ಕನ್ನಡಕ, ಪಿನ್ನು, ಗಾಜಿನ ಬಳೆ ತೆಗೆಸಿ, ತಲೆ ಬಗ್ಗಿಸಿ ಕೂರಿಸುವುದು ಗಗನಸಖಿಯರಾದ ನಮ್ಮ ಕೆಲಸ.

ಒಬ್ಬ ಮುದುಕಿ ಮಾತ್ರ ನಮ್ಮ ಹಿಂದಿ, ಇಂಗ್ಲಿಷ್ ಏನೂ ತಿಳಿಯದೆ ಕೂತಿದ್ದಳು. ಹತ್ತುವಾಗಲೇ ತಾನು ಮನೋಳಿಯ ಶಟ್ಟೆವ್ವ ಎಂದು ಹೇಳಿಕೊಂಡು, “ನೀ ಯಾವೂರಾಕಿ, ತಂಗಿ?” ಎಂದು ಕೇಳಿದ್ದಳು. ಜೊತೆಯವರು ನಕ್ಕಾರೆಂದು, ಕನ್ನಡದಲ್ಲಿ ಬಿ.ಎ. ಮಾಡಿದ ನಾನು, ಕನ್ನಡ ಬರುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದ್ದೆ. ಈಗ ಬೇರೆ ದಾರಿ ಇರಲಿಲ್ಲ.

“ಯವ್ವಾ, ಬಳಿ ತಗೀರಿ. ಒಡದು ಕೈಗೆ ಚುಚ್ಚತಾವು.”

“ಈಗ ಬಾಯಿ ಬಂತೇನ ನಿನಗ? ಗಂಡ ಮನಿಯಾಗ ಗಟ್ಟಿಮುಟ್ಟ ಕುಂತಾನ, ಬಳಿ ತಗೀ ಅಂತೀಯಲ್ಲ!”

ವಾದಿಸದೆ ಅವಳ ಎರಡೂ ಕೈಗೆ ಟವೆಲ್ ಸುತ್ತಿ, ತಲೆಯನ್ನು ಮೊಣಕಾಲಿಗೆ ಒತ್ತಿ ಹಿಡಿದೆ. ಚಕ್ರಗಳು ಹೇಗೋ ಇಳಿದವು. ವಿಮಾನ ರನ್‌ವೇ ದಾಟಿ ಹುಲ್ಲಿನಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಇಳಿಯುವಾಗ ಶಟ್ಟೆವ್ವ ನನ್ನ ಗಲ್ಲ ಸವರಿ, “ಯಾರ ಮಗಳವಾ ನೀ? ನಿಮ್ಮವ್ವನ ಹೊಟ್ಟಿ ತಣ್ಣಗಿರಲಿ,” ಎಂದಳು. ಸಂಪಗಾಂವದ ಸುಂದರವ್ವನ ಮಗಳು ಎನ್ನುವ ಮಾತು ನಾಲಿಗೆಯವರೆಗೆ ಬಂದಿತ್ತು. ಕ್ಯಾಪ್ಟನ್, ಗೆಳತಿಯರು ಎಲ್ಲರೂ ಪಕ್ಕದಲ್ಲೇ ನಿಂತಿದ್ದರು, ಅವ್ವಾ.

ಮೆಟ್ಟಿಲು ನೋಡಿಕೊಂಡು ಇಳಿಯಿರಿ ಎಂದು ಅವಳಿಗೆ ಹಿಂದಿಯಲ್ಲಿ ಹೇಳಿದೆ.